ಹೊಳೆಗಳ ನೆತ್ತಿಯ ಮೇಲಿನ ಬಡಾವಣೆಗಳು

ಬೆಂಗಳೂರಿಗೆ ನದಿಯಿಲ್ಲ ಎಂಬ ಮಾತನ್ನು ನಾವೆಲ್ಲರೂ ಚಿಕ್ಕಂದಿನಿಂದ ಕೇಳುತ್ತಾ ಬಂದವರು. ದೆಹಲಿಗೆ ಯಮುನೆಯಿದೆ, ಹೈದರಾಬಾದಿಗೆ ಮೂಸಿಯಿದೆ, ನಮ್ಮದೇ ಮಂಗಳೂರಿಗೆ ನೇತ್ರಾವತಿಯಿದೆ. ಬೆಂಗಳೂರಿಗೆ ಮಾತ್ರ ಏನೂ ಇಲ್ಲ ಎನ್ನುವುದು ರೂಢಿ. ಈ ಮಾತಿನ ಬೆನ್ನಿಗೇ ಇನ್ನೊಂದು ಮಾತೂ ಬರುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ, ನದಿಯೇ ಇಲ್ಲದ ಊರಿಗೆ ನೆರೆಯ ಭಯವೆಲ್ಲಿ ಎಂಬುದು ಆ ಮಾತು. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಲೇಔಟ್‌ಗಳ ಚರಿತ್ರೆಯನ್ನು ಸ್ವಲ್ಪ ಕೆದಕಿದರೆ ಈ ಎರಡು ಮಾತುಗಳೂ ನಿಲ್ಲುವುದಿಲ್ಲ. ಬೆಂಗಳೂರಿನಲ್ಲಿ ನದಿ ತುಂಬಿ ಹರಿಯುವುದು ನಮಗೆ ಕಾಣುವುದಿಲ್ಲ, ಏಕೆಂದರೆ ಅದು ನದಿಗಳು ಹುಟ್ಟುವ ಜಾಗ.

ಬಸವನಗುಡಿಯ ದೊಡ್ಡ ಬಸವನ ಪಾದದ ಬಳಿ ವೃಷಭಾವತಿ ಹುಟ್ಟುತ್ತಾಳೆ ಎಂಬುದು ಜನರ ನಂಬಿಕೆ. ನಂಬಿಕೆ ಹಾಗಿರಲಿ, ನೆಲದ ಏರಿಳಿತ ಹೇಳುವುದೂ ಬಹುಮಟ್ಟಿಗೆ ಅದನ್ನೇ. ಬೆಂಗಳೂರಿನ ನಡುವೆ ಉತ್ತರದಿಂದ ದಕ್ಷಿಣಕ್ಕೆ ಒಂದು ದಿಬ್ಬ ಹಾದುಹೋಗುತ್ತದೆ. ಅದರ ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿ ಸೇರಿ, ಮೈಸೂರು ರಸ್ತೆಯ ಗಾಳಿ ಆಂಜನೇಯ ಗುಡಿಯ ಪಕ್ಕದಲ್ಲಿ ಹಾದು, ನಾಯಂಡಹಳ್ಳಿ, ಕೆಂಗೇರಿ ದಾಟಿ, ಬಿಡದಿ ಬಳಿಯ ಬೈರಮಂಗಲ ಜಲಾಶಯಕ್ಕೆ ಹೋಗುತ್ತದೆ. ಅಲ್ಲಿಂದ ಅರ್ಕಾವತಿ, ಕೊನೆಗೆ ಸಂಗಮದಲ್ಲಿ ಕಾವೇರಿ. ದಿಬ್ಬದ ಪೂರ್ವಕ್ಕೆ ಬಿದ್ದ ಮಳೆಯದು ಬೇರೆಯೇ ದಾರಿ. ಅದು ಮಡಿವಾಳ, ಅಗರ, ಬೆಳ್ಳಂದೂರು, ವರ್ತೂರು ಕೆರೆಗಳ ಮೂಲಕ ದಕ್ಷಿಣ ಪಿನಾಕಿನಿಗೆ ಸೇರಿ, ತಮಿಳುನಾಡನ್ನು ಹಾದು ಬಂಗಾಳ ಕೊಲ್ಲಿಗೆ ಹೋಗುತ್ತದೆ. ಹೊಸಕೆರೆಹಳ್ಳಿ ಕಡೆಯ ನೀರಿಗೂ ಬಿ.ಟಿ.ಎಂ. ಕಡೆಯ ನೀರಿಗೂ ಆಮೇಲೆ ಭೇಟಿ ಸಮುದ್ರದಲ್ಲೇ.

ದಿಬ್ಬದ ಮೇಲಿನ ಊರಿಗೆ ನೀರು ನಿಲ್ಲುವುದಿಲ್ಲ, ಓಡಿಹೋಗುತ್ತದೆ. ಹಾಗಾಗಿ ಇಲ್ಲಿನ ಜನ ಅದನ್ನು ತಡೆದು ನಿಲ್ಲಿಸುವ ವಿದ್ಯೆಯನ್ನು ಕಲಿತರು. 1537ರಲ್ಲಿ ಕೋಟೆ ಕಟ್ಟಿದನೆಂದು ಹೇಳಲಾಗುವ ಕೆಂಪೇಗೌಡನ ಹೆಸರಿನೊಡನೆ ಕೆಂಪಾಂಬುಧಿ, ಧರ್ಮಾಂಬುಧಿ ಮೊದಲಾದ ಕೆರೆಗಳ ಹೆಸರೂ ಬೆಸೆದುಕೊಂಡಿರುವುದು ಇದೇ ಕಾರಣಕ್ಕೆ. ಕಣಿವೆಗೆ ಅಡ್ಡಲಾಗಿ ಒಂದು ಏರಿ, ಗದ್ದೆಗೆ ನೀರು ಬಿಡಲು ಒಂದು ತೂಬು, ಹೆಚ್ಚಾದ ನೀರು ಹೊರಬೀಳಲು ಒಂದು ಕೋಡಿ. ಮೇಲಿನ ಕೆರೆ ಕೋಡಿ ಬಿದ್ದರೆ ಆ ನೀರು ರಾಜಕಾಲುವೆ ಹಿಡಿದು ಕೆಳಗಿನ ಕೆರೆಗೆ. ತೂಬು ಎತ್ತುವ, ಗದ್ದೆಗಳಿಗೆ ನೀರು ಹಂಚುವ ಕೆಲಸಕ್ಕೆ ನೀರುಗಂಟಿ. ಬೇಸಿಗೆಯಲ್ಲಿ ಹೂಳೆತ್ತುವುದಕ್ಕೆ ಊರವರು. ಆ ಹೂಳು ಮತ್ತೆ ಹೊಲಕ್ಕೇ ಗೊಬ್ಬರ.

ಬಡಾವಣೆಗಳು ಬಂದು ಎಪ್ಪತ್ತೈದು ವರ್ಷ ಮೀರಿದರೂ ಆ ವ್ಯವಸ್ಥೆ ಹೆಸರುಗಳಲ್ಲಿ ಹಾಗೇ ಉಳಿದಿದೆ. ಬಿ.ಟಿ.ಎಂ. ಎಂಬ ಮೂರು ಅಕ್ಷರಗಳನ್ನು ಇಂಗ್ಲಿಷ್ ಎಂದುಕೊಂಡವರು ಬಹಳ. ಅದು ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಮೊದಲಕ್ಷರ. ‘ಸಂದ್ರ’ ಎಂದರೆ ಸಮುದ್ರ, ಅಂದರೆ ದೊಡ್ಡ ಕೆರೆ. ಬೈರಸಂದ್ರ, ಲಕ್ಕಸಂದ್ರ, ಜಕ್ಕಸಂದ್ರ, ನಾಗಸಂದ್ರ ಎಲ್ಲವೂ ಅದೇ ಕುಲದವು. ತಾವರೆಕೆರೆ, ಅರಕೆರೆ, ಹೊಸಕೆರೆಹಳ್ಳಿಗಳಿಗಂತೂ ವಿವರಣೆಯೇ ಬೇಡ. ಬನ್ನೇರುಘಟ್ಟ ರಸ್ತೆಯ ಆಚೆ ಕೋಡಿಚಿಕ್ಕನಹಳ್ಳಿ ಎಂಬ ಊರಿದೆ. ಹೆಸರಿನಲ್ಲೇ ಕೋಡಿಯಿದೆ. ಅಲ್ಲಿ ಮನೆ ಕೊಳ್ಳುವವರು ಕ್ರಯಪತ್ರದ ಜೊತೆಗೆ ಊರಿನ ಹೆಸರನ್ನೂ ಒಮ್ಮೆ ಓದಿಕೊಂಡಿದ್ದರೆ ಎಂದು ನಮಗೆ ಅನ್ನಿಸುವುದುಂಟು. ಆ ಊರಿನ ಸುದ್ದಿಗೆ ಮುಂದೆ ಬರೋಣ.

ಈ ನೆಲದ ಆರ್ಥಿಕತೆ ಶತಮಾನಗಳ ಕಾಲ ಕೆರೆಯನ್ನೇ ನೆಚ್ಚಿಕೊಂಡಿತ್ತು. ಕೆರೆಯ ಕೆಳಗೆ ಭತ್ತ ಮತ್ತು ತಿಗಳರ ಹೂವು-ತರಕಾರಿ ತೋಟ, ದಿಬ್ಬದ ಮೇಲೆ ರಾಗಿ, ಕಡಲೆಕಾಯಿ. ಕಾರ್ತಿಕದ ಕೊನೆಯ ಸೋಮವಾರ ಇಂದಿಗೂ ನಡೆಯುವ ಬಸವನಗುಡಿಯ ಕಡಲೆಕಾಯಿ ಪರಿಷೆ, ಅದು ಹೊಲವಾಗಿದ್ದ ಕಾಲದ ಗುರುತು. ಹೈದರ್ ಅಲಿ 1760ರಲ್ಲಿ ಲಾಲ್‌ಬಾಗ್‌ಗೆ ಅಡಿಪಾಯ ಹಾಕಿದ್ದೂ ಈ ಕೆರೆ-ಬಂಡೆಗಳ ನಡುವೆಯೇ. ತೋಟವೆಂದರೆ ಮೊದಲು ನೀರು ಎಂಬುದು ಆತನಿಗೆ ತಿಳಿದಿತ್ತು. ಮಗ ಟಿಪ್ಪು ಬಂಗಾಳದಿಂದ ರೇಷ್ಮೆಹುಳು ತರಿಸಿ ಮೈಸೂರು ಸೀಮೆಯಲ್ಲಿ ಹಿಪ್ಪುನೇರಳೆ ಬೆಳೆಸಿದ. ಅದರ ಎಳೆ ಹಿಡಿದು ಹೊರಟರೆ ದಕ್ಷಿಣ ಬೆಂಗಳೂರಿನ ನಕ್ಷೆಯಲ್ಲೇ ಸಾಗಬಹುದು. ಜಮ್‌ಶೆಡ್‌ಜಿ ಟಾಟಾ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಜಪಾನಿ ತಜ್ಞರನ್ನು ಕರೆಸಿ ಬಸವನಗುಡಿಯ ಪಕ್ಕದಲ್ಲಿ ರೇಷ್ಮೆ ತೋಟ ಮಾಡಿಸಿದರು. ಆ ಜಾಗಕ್ಕೆ ಈಗಲೂ ಟಾಟಾ ಸಿಲ್ಕ್ ಫಾರ್ಮ್ ಎಂದೇ ಹೆಸರು. ಸ್ವಾತಂತ್ರ್ಯಾನಂತರ ಬಂದ ಕೇಂದ್ರ ರೇಷ್ಮೆ ಮಂಡಳಿಯ ಕಚೇರಿ ಮಡಿವಾಳದ ಬಳಿ ನಿಂತಿತು. ಇವತ್ತು ಸಿಲ್ಕ್ ಬೋರ್ಡ್ ಎಂದರೆ ಜನಕ್ಕೆ ನೆನಪಾಗುವುದು ರೇಷ್ಮೆಯಲ್ಲ, ಟ್ರಾಫಿಕ್ ಜಾಮ್. ಮಳೆ ಬಂದರೆ ಮೊಣಕಾಲುದ್ದ ನೀರು.

ಕೆರೆಗಳು ಯಾಕೆ ಹೋದವು ಎಂದು ಕೇಳಿದರೆ ಭೂಗಳ್ಳರು ಎಂಬ ಉತ್ತರ ಸಿದ್ಧವಾಗಿರುತ್ತದೆ. ಅದು ಸುಳ್ಳಲ್ಲ, ಆದರೆ ಕತೆಯ ಎರಡನೆಯ ಭಾಗ. ಮೊದಲ ಭಾಗ ನಲ್ಲಿ ನೀರಿನದು. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆಯಲ್ಲಿ ನೀರು ಬಂತು. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, 1933ರಲ್ಲಿ, ತಿಪ್ಪಗೊಂಡನಹಳ್ಳಿಯ ಜಲಾಶಯ ಸಿದ್ಧವಾಯಿತು. 1974ರಲ್ಲಿ ಕಾವೇರಿಯೇ ಬಂದಳು. ಸುಮಾರು 100 ಕಿ.ಮೀ. ದೂರದಿಂದ, ಮೂರು ಹಂತಗಳಲ್ಲಿ, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ಪಂಪು ಮಾಡಿದ ನೀರು. ಇವೆಲ್ಲ ದೊಡ್ಡ ಕೆಲಸಗಳೇ, ಮಾಡಿದವರನ್ನು ಹಳಿಯುವ ಕಾರಣವಿಲ್ಲ. ಆದರೆ ನಲ್ಲಿ ತಿರುಗಿಸಿದರೆ ನೀರು ಬರುವ ಊರಿಗೆ ಕೆರೆ ಬೇಡದ ವಸ್ತುವಾಯಿತು. ಸೊಳ್ಳೆ, ಮಲೇರಿಯಾದ ಹೆಸರಿನಲ್ಲಿ ಕೆಲವನ್ನು ಬತ್ತಿಸಲಾಯಿತು. ಬತ್ತಿದ ಅಂಗಳ ಸರ್ಕಾರಕ್ಕೆ ಸುಲಭವಾಗಿ ಸಿಕ್ಕ ಖಾಲಿ ಜಮೀನಾಯಿತು. ಧರ್ಮಾಂಬುಧಿಯಲ್ಲಿ ಬಸ್ ನಿಲ್ದಾಣ, ಸಂಪಂಗಿ ಕೆರೆಯಲ್ಲಿ ಕಂಠೀರವ ಕ್ರೀಡಾಂಗಣ, ಚಲ್ಲಘಟ್ಟದಲ್ಲಿ ಗಾಲ್ಫ್ ಮೈದಾನ, ಕೋರಮಂಗಲದ ಕೆರೆಯಲ್ಲಿ ರಾಷ್ಟ್ರೀಯ ಕ್ರೀಡಾ ಗ್ರಾಮ. ಶ್ರೀನಿವಾಗಿಲು ಕೆರೆಯ ಅಂಗಳದಲ್ಲಿ ಎದ್ದ ಬಡಾವಣೆಯ ಹೆಸರೇ ಎಸ್.ಟಿ. ಬೆಡ್. ಆ ‘ಟಿ’ ಟ್ಯಾಂಕಿನದು. ಮಳೆಗಾಲದಲ್ಲಿ ಅಲ್ಲಿ ನೀರು ನುಗ್ಗಿದಾಗಲೆಲ್ಲ ‘ಅಚ್ಚರಿ’ ಎಂದು ಬರೆಯುವ ಪತ್ರಿಕೆಗಳನ್ನು ಕಂಡು ಅಚ್ಚರಿಪಡಬೇಕು. ಇವುಗಳಲ್ಲಿ ಒಂದನ್ನೂ ಕಳ್ಳರು ಕದ್ದದ್ದಲ್ಲ.

ಇನ್ನು ಜನಸಂಖ್ಯೆ. 1898ರ ಪ್ಲೇಗಿನಿಂದ ತತ್ತರಿಸಿದ ಹಳೆಯ ಪೇಟೆಯ ಜನಕ್ಕೆ ಬಸವನಗುಡಿಯ ಅಗಲವಾದ ಬೀದಿಗಳು ಉಸಿರಾಡಲು ಜಾಗ ಕೊಟ್ಟವು. 1941ರಲ್ಲಿ ದಂಡು ಪ್ರದೇಶವೂ ಸೇರಿ ಸುಮಾರು ನಾಲ್ಕು ಲಕ್ಷವಿದ್ದ ಬೆಂಗಳೂರು ಹತ್ತೇ ವರ್ಷದಲ್ಲಿ ಎಂಟು ಲಕ್ಷದ ಹತ್ತಿರ ಬಂತು. ಯುದ್ಧಕಾಲದ ಕಾರ್ಖಾನೆಗಳು, ಹೊಸ ಕಚೇರಿಗಳು, ಬಂದವರೆಲ್ಲರಿಗೂ ಮನೆ ಬೇಕು. 1948ರಲ್ಲಿ ಆಗಿನ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿಯವರ ಕೈಯಲ್ಲಿ ಚಾಲನೆ ಪಡೆದ ಜಯನಗರ, ಸ್ವತಂತ್ರ ಭಾರತದ ಮೊದಮೊದಲ ಯೋಜಿತ ಬಡಾವಣೆಗಳಲ್ಲಿ ಒಂದು. ಬ್ಲಾಕುಗಳು, ಅಡ್ಡರಸ್ತೆ, ಮುಖ್ಯರಸ್ತೆ, ಉದ್ಯಾನ, ನಡುವೆ ಶಾಪಿಂಗ್ ಕಾಂಪ್ಲೆಕ್ಸ್. ನಕ್ಷೆ ಬರೆದವರು ಜನ ನಡೆಯುವ ದಾರಿಯನ್ನು ಚೆನ್ನಾಗಿ ಯೋಚಿಸಿದ್ದರು. ನೀರು ನಡೆಯುವ ದಾರಿಯನ್ನೂ ಅಷ್ಟೇ ಯೋಚಿಸಿದ್ದರೆಂದು ಹೇಳುವ ಧೈರ್ಯ ನಮಗಿಲ್ಲ. ಆದರೂ ಆಗ ಮನೆಗಳ ಸುತ್ತ ಮಣ್ಣಿತ್ತು, ಮರವಿತ್ತು. ಮಳೆಯ ಬಹುಪಾಲು ಹಿತ್ತಲಲ್ಲೇ ಇಂಗುತ್ತಿತ್ತು. ಅದೇ ಮಾದರಿ ಮುಂದೆ ಬನಶಂಕರಿಯ ಹಂತಗಳಿಗೆ, ಸಾರಕ್ಕಿ-ಪುಟ್ಟೇನಹಳ್ಳಿಗಳ ನೆಲದ ಮೇಲೆ ಹರಡಿದ ಜೆ.ಪಿ. ನಗರಕ್ಕೆ, ಆಮೇಲೆ ಬಿ.ಟಿ.ಎಂ.ಗೆ ಇಳಿಯಿತು. ಇಳಿಯಿತು ಎಂಬುದು ಅಕ್ಷರಶಃ ನಿಜ. ದಿಬ್ಬದ ಜಾಗ ಮುಗಿದಂತೆ ಬಡಾವಣೆಗಳು ಕಣಿವೆಗೆ ಇಳಿದವು.

1983ರಲ್ಲಿ ಪುಣೆಯಿಂದ ಬೆಂಗಳೂರಿಗೆ ಬಂದ ಇನ್ಫೋಸಿಸ್ ಮೊದಲು ಕಚೇರಿ ಹೂಡಿದ್ದು ಜಯನಗರದಲ್ಲಿ. ಕಿಯೋನಿಕ್ಸ್ 1970ರ ದಶಕದ ಕೊನೆಯಲ್ಲಿ ಹೊಸೂರು ರಸ್ತೆಯಲ್ಲಿ ಆರಂಭಿಸಿದ ಎಲೆಕ್ಟ್ರಾನಿಕ್ ಸಿಟಿ ತೊಂಬತ್ತರ ದಶಕದಲ್ಲಿ ಕುದುರಿಕೊಂಡಾಗ, ಅದರ ದಾರಿಯಲ್ಲಿದ್ದ ಮಡಿವಾಳ, ಬಿ.ಟಿ.ಎಂ. ಪ್ರದೇಶಗಳ ಪ್ರತಿ ಸೈಟೂ ಚಿನ್ನವಾಯಿತು. 30x40 ಸೈಟಿನಲ್ಲಿ ನಾಲ್ಕು ಅಂತಸ್ತಿನ ಪಿ.ಜಿ., ಒಂದೊಂದು ಕೋಣೆಗೆ ಮೂರು ಮಂಚ, ಕೆಳಗೆ ಟೀ ಅಂಗಡಿ, ಜೆರಾಕ್ಸ್, ಮೊಬೈಲ್ ರಿಪೇರಿ. ಜಯನಗರಕ್ಕೆ ಒತ್ತಿಕೊಂಡಿರುವ ತಿಲಕನಗರ, ಗುರಪ್ಪನಪಾಳ್ಯಗಳಲ್ಲಿ ನಮ್ಮ ಸಮುದಾಯದ ಗ್ಯಾರೇಜು, ಬಡಗಿ, ವೆಲ್ಡಿಂಗ್, ಗುಜರಿ ಕಸುಬಿನ ಕುಟುಂಬಗಳು ಕಿರಿದಾದ ಗಲ್ಲಿಗಳಲ್ಲಿ ದಟ್ಟವಾಗಿ ನೆಲೆಸಿವೆ. ಅಗಲ ರಸ್ತೆಯ ಬ್ಲಾಕುಗಳಲ್ಲಿ ಕೆಟ್ಟದ್ದನ್ನು ರಿಪೇರಿ ಮಾಡುವವರು ಇವರೇ. ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 2001ರಲ್ಲಿ 65 ಲಕ್ಷವಿದ್ದದ್ದು 2011ರಲ್ಲಿ 96 ಲಕ್ಷ ದಾಟಿತು. ಹತ್ತು ವರ್ಷಕ್ಕೆ ಶೇಕಡಾ 47. ಒಂದು ಊರಿಗೆ ಅರ್ಧ ಊರು ಹೊಸದಾಗಿ ಸೇರಿತೆಂದರೆ ಅದು ಎಲ್ಲಿ ಕುಳಿತುಕೊಳ್ಳಬೇಕು? ಗಟ್ಟಿ ನೆಲ ಸಿಕ್ಕವರು ಅಲ್ಲಿ, ಸಿಗದವರು ಕಾಲುವೆಯ ದಂಡೆಯಲ್ಲಿ.

ಮಹಾಲೇಖಪಾಲರ ವರದಿಯೊಂದು 2021ರಲ್ಲಿ ವಿಧಾನಮಂಡಲದ ಮುಂದೆ ಬಂತು. ಬೆಂಗಳೂರಿನ ಮಳೆನೀರು ನಿರ್ವಹಣೆಯ ಕುರಿತದ್ದು. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ 1,452 ಜಲಮೂಲಗಳು, 35 ಟಿ.ಎಂ.ಸಿ. ಹಿಡಿಯುವ ಶಕ್ತಿ, 2016ರ ಹೊತ್ತಿಗೆ 194, ಶಕ್ತಿ ಬರೀ 5 ಟಿ.ಎಂ.ಸಿ. ಎಂದು ಅದು ಲೆಕ್ಕ ಕೊಟ್ಟಿತು. ನಮಗೆ ಅದಕ್ಕಿಂತ ಮುಖ್ಯವಾಗಿ ಕಂಡದ್ದು ಕಾಲುವೆಗಳ ಲೆಕ್ಕ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಕೋರಮಂಗಲ ಕಣಿವೆಯಲ್ಲಿ ಸುಮಾರು 113 ಕಿ.ಮೀ., ವೃಷಭಾವತಿ ಕಣಿವೆಯಲ್ಲಿ ಸುಮಾರು 226 ಕಿ.ಮೀ. ಇದ್ದ ಕಾಲುವೆಗಳು ಅರ್ಧದಷ್ಟಕ್ಕೆ ಇಳಿದಿವೆ. ಇತ್ತ ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರ ಅಧ್ಯಯನದಂತೆ 1973ರಿಂದ ಈಚೆಗೆ ಕಾಂಕ್ರೀಟು, ಡಾಂಬರು ಮುಚ್ಚಿದ ನೆಲ ಹತ್ತು ಪಟ್ಟಿಗೂ ಮೀರಿ ಬೆಳೆದಿದೆ. ಇಂಗುವ ನೆಲ ಹೋಯಿತು, ನಿಲ್ಲುವ ಕೆರೆ ಹೋಯಿತು, ಹರಿಯುವ ಕಾಲುವೆಯೂ ಅರ್ಧ ಹೋಯಿತು. ಆಕಾಶ ಮಾತ್ರ ತನ್ನ ಪಾಲನ್ನು ಕಡಿಮೆ ಮಾಡಲಿಲ್ಲ. 2017ರ ಆಗಸ್ಟ್ 14ರ ರಾತ್ರಿಯಿಂದ ಬೆಳಗಿನವರೆಗೆ ಸುರಿದ ಮಳೆಗೆ ಬಿ.ಟಿ.ಎಂ., ಕೋರಮಂಗಲ, ಎಚ್.ಎಸ್.ಆರ್. ಕಡೆಯ ಬೀದಿಗಳಲ್ಲಿ ಸ್ವಾತಂತ್ರ್ಯ ದಿನವೇ ದೋಣಿ ಇಳಿಸಬೇಕಾಯಿತು.

ಈಗ ಕೋಡಿಚಿಕ್ಕನಹಳ್ಳಿಗೆ ಬರೋಣ. 2016ರ ಜುಲೈ ಕೊನೆಯ ವಾರದಲ್ಲಿ ಮಳೆ ಸುರಿದು ಮಡಿವಾಳ ಕೆರೆ ಉಕ್ಕಿತು. ರಸ್ತೆಗಳಲ್ಲಿ ಮೀನು ಬಂದವು. ಜನ ಬಲೆ ಹಿಡಿದು ನಡುರಸ್ತೆಯಲ್ಲಿ ಮೀನು ಹಿಡಿಯುವ ಚಿತ್ರಗಳನ್ನು ನೋಡಿ ಇಡೀ ದೇಶ ನಕ್ಕಿತು. ಮನೆಯೊಳಗೆ ಚರಂಡಿಯ ನೀರು ನುಗ್ಗಿ ಅಕ್ಕಿ, ಹಾಸಿಗೆ, ಮಕ್ಕಳ ಪುಸ್ತಕ ನೆನೆದವರು ನಗಲಿಲ್ಲ. ಒಂದು ವಾರ ಕಳೆಯುವುದರೊಳಗೆ ಪಾಲಿಕೆಯ ಜೆಸಿಬಿಗಳು ರಾಜಕಾಲುವೆ ಒತ್ತುವರಿ ತೆರವಿಗೆ ಹೊರಟವು. ಅರಕೆರೆ ಸಮೀಪದ ಅವನಿ ಶೃಂಗೇರಿ ನಗರದಲ್ಲಿ ಮಧ್ಯಮ ವರ್ಗದವರ ಮನೆಗಳು ಕಣ್ಣೆದುರೇ ಉರುಳಿದವು. ಅವರ ಬಳಿ ನೋಂದಾಯಿತ ಕ್ರಯಪತ್ರವಿತ್ತು, ಮಂಜೂರಾದ ನಕ್ಷೆಯಿತ್ತು, ತೆರಿಗೆ ಕಟ್ಟಿದ ರಸೀದಿಯಿತ್ತು, ಬ್ಯಾಂಕಿನ ಸಾಲವಿತ್ತು. ಎದುರಿಗೆ ಬಂದದ್ದು ಹಳೆಯ ಗ್ರಾಮ ನಕ್ಷೆ. ಅದರಲ್ಲಿ ಕಾಲುವೆಯ ಗೆರೆ ಇತ್ತು.

ಇಲ್ಲಿ ಯಾರದು ನ್ಯಾಯ? ಕಾಲುವೆಯ ಜಾಗ ಕಾಲುವೆಗೇ ಸಿಗಬೇಕು ಎಂಬುದರಲ್ಲಿ ನಮಗೆ ಎರಡು ಮಾತಿಲ್ಲ. ಆದರೆ ಒಂದೇ ಸರ್ಕಾರದ ಒಂದು ಕಪಾಟಿನಲ್ಲಿ ಕಾಲುವೆಯ ನಕ್ಷೆ, ಇನ್ನೊಂದು ಕಪಾಟಿನಲ್ಲಿ ಅದೇ ಜಾಗದ ಮನೆಯ ಮಂಜೂರಾತಿ. ಎರಡಕ್ಕೂ ಮುದ್ರೆ ಒತ್ತಿದವರು ಸಂಬಳ, ಪಿಂಚಣಿ ಪಡೆದು ನೆಮ್ಮದಿಯಾಗಿದ್ದಾರೆ. ಸೈಟು ಮಾರಿದವನು ಮುಂದಿನ ಬಡಾವಣೆಗೆ ಹೋಗಿದ್ದಾನೆ. ದಂಡ ಕಟ್ಟಿದವನು ಕೊನೆಯಲ್ಲಿ ಕೊಂಡವನು. ಅವನಿಗಿಂತಲೂ ಕೆಳಗೆ ಇನ್ನೊಬ್ಬನಿದ್ದಾನೆ, ಆ ಮನೆಯಲ್ಲಿ ಬಾಡಿಗೆಗಿದ್ದವನು. ಅವನ ನಷ್ಟ ಯಾವ ಕಡತದಲ್ಲೂ ಇಲ್ಲ. ಕೆಲವು ತಿಂಗಳಲ್ಲಿ ಆ ಕಾರ್ಯಾಚರಣೆ ತಣ್ಣಗಾಯಿತು. ಕೆರೆಗಳನ್ನು ಉಳಿಸುವುದು ಹೇಗೆಂದು ಲಕ್ಷ್ಮಣ ರಾವ್ ಸಮಿತಿ 1980ರ ದಶಕದಲ್ಲೇ ಹೇಳಿತ್ತು; ಎ.ಟಿ. ರಾಮಸ್ವಾಮಿ, ವಿ. ಬಾಲಸುಬ್ರಮಣಿಯನ್, ಕೆ.ಬಿ. ಕೋಳಿವಾಡ ಇವರ ವರದಿಗಳು ಒತ್ತುವರಿಯನ್ನು ಎಕರೆಗಟ್ಟಲೆ ಪಟ್ಟಿ ಮಾಡಿದವು. 2016ರಲ್ಲಿ ಹಸಿರು ನ್ಯಾಯಮಂಡಳಿ ಕೆರೆಯ ಸುತ್ತ 75 ಮೀಟರ್ ಖಾಲಿ ಬಿಡಬೇಕೆಂದಿತು; 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬದಿಗಿಟ್ಟು ಹಳೆಯ ಮಾಸ್ಟರ್ ಪ್ಲಾನಿನ 30 ಮೀಟರಿಗೇ ಮರಳಿಸಿತು. ವರದಿಗಳಿಗೆ ಬರವಿಲ್ಲದ ನಾಡು ನಮ್ಮದು.

ಒಳ್ಳೆಯದು ನಡೆದೇ ಇಲ್ಲವೆಂದಲ್ಲ. ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಯನ್ನು 2010ರಿಂದ ಸುತ್ತಲಿನ ನಿವಾಸಿಗಳೇ ಟ್ರಸ್ಟ್ ಮಾಡಿಕೊಂಡು ಕಾಪಾಡಿದರು. ಸಾರಕ್ಕಿ ಕೆರೆಯ ಒತ್ತುವರಿಯನ್ನು 2015ರ ಏಪ್ರಿಲ್‌ನಲ್ಲಿ ಹೈಕೋರ್ಟಿನ ಬೆನ್ನಾಸರೆಯಿಂದ ತೆರವು ಮಾಡಲಾಯಿತು. ಆದರೆ ಕೆರೆಯೊಂದನ್ನು ಬೇಲಿ ಹಾಕಿ, ವಾಕಿಂಗ್ ಪಾತ್ ಮಾಡಿ ಉಳಿಸಿಕೊಂಡರೆ ಅದು ಉದ್ಯಾನವಾಗುತ್ತದೆ. ಮೇಲಿನ ಕೆರೆಯಿಂದ ಬರುವ ಕಾಲುವೆ, ಕೆಳಗಿನ ಕೆರೆಗೆ ಹೋಗುವ ಕೋಡಿ ಇಲ್ಲದಿದ್ದರೆ ಅದು ನೆರೆಯನ್ನು ತಡೆಯುವ ಕೆರೆಯಲ್ಲ. 2019ರ ಅಕ್ಟೋಬರಿನಲ್ಲಿ ಹೊಸಕೆರೆಹಳ್ಳಿಯ ಕೆರೆ ಏರಿ ಒಡೆಯಿತು. ನವೆಂಬರ್ 24ರ ಭಾನುವಾರ ಹುಳಿಮಾವು ಕೆರೆ ಒಡೆದು ನೂರಾರು ಮನೆಗಳಿಗೆ ನೀರು ನುಗ್ಗಿತು. ಆ ದಿನ ಮಳೆಯೇ ಇರಲಿಲ್ಲ. ಮರುವರ್ಷ ಅಕ್ಟೋಬರಿನಲ್ಲಿ ಹೊಸಕೆರೆಹಳ್ಳಿಯ ದತ್ತಾತ್ರೇಯ ನಗರದಲ್ಲಿ ರಾಜಕಾಲುವೆ ಉಕ್ಕಿ ಬೀದಿಯೇ ಹೊಳೆಯಾಯಿತು, ಕಾರುಗಳು ತೇಲಿದವು.

ಹೈದರಾಬಾದಿನ ಮೂಸಿ 1908ರ ಸೆಪ್ಟೆಂಬರಿನಲ್ಲಿ ಉಕ್ಕಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಾಗ ನಿಜಾಮರ ಸರ್ಕಾರ ಕರೆಸಿಕೊಂಡದ್ದು ನಮ್ಮ ವಿಶ್ವೇಶ್ವರಯ್ಯನವರನ್ನು. ನಗರದ ಮೇಲ್ಭಾಗದಲ್ಲೇ ನೀರನ್ನು ತಡೆದು ನಿಲ್ಲಿಸಿ, ನಿಧಾನವಾಗಿ ಬಿಡಿ ಎಂಬುದು ಅವರ ಸಲಹೆ. ಹಾಗೆ ಹುಟ್ಟಿದವು ಉಸ್ಮಾನ್ ಸಾಗರ, ಹಿಮಾಯತ್ ಸಾಗರ. ಆ ಊರು ನೆರೆಯ ನಂತರ ಕಟ್ಟಿಕೊಂಡದ್ದು ಬೆಂಗಳೂರಿನ ಬಳಿ ನೂರಾರು ಚಿಕ್ಕ ಚಿಕ್ಕ ರೂಪಗಳಲ್ಲಿ ಮೊದಲೇ ಇತ್ತು.

ಇನ್ನೊಂದು ವಿಚಿತ್ರವನ್ನೂ ಹೇಳಬೇಕು. ಇಷ್ಟು ದುಡ್ಡು ಸುರಿದು ಮೇಲೆತ್ತಿ ತಂದ ಕಾವೇರಿಯ ನೀರು ನಮ್ಮ ಬಚ್ಚಲು, ಪಾಯಿಖಾನೆಗಳಿಂದ ಹೊರಬಿದ್ದು ಇವೇ ಎರಡು ಕಣಿವೆಗಳಲ್ಲಿ ಇಳಿಯುತ್ತದೆ. ಹೀಗಾಗಿ ಬೇಸಿಗೆಯಲ್ಲೂ ವೃಷಭಾವತಿ ಬತ್ತುವುದಿಲ್ಲ. ಕಾರ್ಖಾನೆಯ ವಿಷ, ಮನೆಯ ಕೊಳಚೆ ಹೊತ್ತ ಆ ನೀರಿನಲ್ಲೇ ಬೈರಮಂಗಲದ ರೈತರು ಬೇಸಾಯ ಮಾಡಿದರು. ಅಲ್ಲಿ ಬೆಳೆದದ್ದು ಮತ್ತೆ ನಮ್ಮ ಮಾರುಕಟ್ಟೆಗೇ. ಪೂರ್ವದ ಬೆಳ್ಳಂದೂರು ಕೆರೆ 2015ರಲ್ಲಿ, ಮತ್ತೆ 2017, 2018ರಲ್ಲಿ ಹೊತ್ತಿ ಉರಿಯಿತು. ನೀರಿಗೆ ಬೆಂಕಿ ಬೀಳುವುದೆಂದರೆ ಏನೆಂದು ನಮ್ಮ ಮಕ್ಕಳಿಗೆ ಟಿ.ವಿ.ಯಲ್ಲೇ ತೋರಿಸಿದೆವು. ಆ ಕಣಿವೆಯ ಸಂಸ್ಕರಿಸಿದ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹೋಗುತ್ತಿದೆ. ಅಲ್ಲಿನ ರೈತರಲ್ಲಿ ಕೆಲವರಿಗೆ ಬೋರ್‌ವೆಲ್ ತುಂಬಿದ ಸಮಾಧಾನ, ಕೆಲವರಿಗೆ ಆ ನೀರಿನ ಶುದ್ಧತೆಯ ಬಗ್ಗೆ ಭಯ. ಭಯಕ್ಕೆ ಕಾರಣವಿದೆ.

2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರಿನ ಐಷಾರಾಮಿ ಬಂಗಲೆಗಳಿಂದ ಸಾಫ್ಟ್‌ವೇರ್ ಕಂಪನಿಗಳ ದೊಡ್ಡವರು ಟ್ರ್ಯಾಕ್ಟರಿನಲ್ಲಿ ಹೊರಬಂದದ್ದನ್ನು ಜಗತ್ತೇ ನೋಡಿತು. ನೆರೆಗೆ ಬಡವ-ಬಲ್ಲಿದರೆಂಬ ಭೇದವಿಲ್ಲ ಎಂದು ಆಗ ಹಲವರು ಬರೆದರು. ನಮಗೆ ಹಾಗನ್ನಿಸುವುದಿಲ್ಲ. ಅವರಲ್ಲಿ ಹೆಚ್ಚಿನವರು ಹೋಟೆಲಿಗೆ ಹೋದರು, ಕಾರಿಗೆ ವಿಮೆಯಿತ್ತು. ಅದೇ ನೀರು ಕೂಲಿಗೆ ಬಂದವರ ತಗಡಿನ ಶೆಡ್ಡುಗಳಿಗೂ ನುಗ್ಗಿತ್ತು. ಅವರನ್ನು ಕರೆದೊಯ್ಯಲು ಟ್ರ್ಯಾಕ್ಟರ್ ಬಂದ ಚಿತ್ರವನ್ನು ನಾವು ಕಾಣಲಿಲ್ಲ.

2025ರ ಮೇ 18ರ ರಾತ್ರಿ ಬೆಂಗಳೂರಿನಲ್ಲಿ 100 ಮಿ.ಮೀ. ಮೀರಿ ಮಳೆಯಾಯಿತು. ಮರುದಿನ ಬಿ.ಟಿ.ಎಂ. ಎರಡನೇ ಹಂತದ ಅಪಾರ್ಟ್‌ಮೆಂಟ್ ಒಂದರ ನೆಲಮಾಳಿಗೆಯಲ್ಲಿ ನಿಂತ ನೀರನ್ನು ಮೋಟಾರಿನಿಂದ ಹೊರಹಾಕುವಾಗ ವಿದ್ಯುತ್ ತಗುಲಿ ಇಬ್ಬರು ತೀರಿಕೊಂಡರು. ಒಬ್ಬರು ಆ ಕಟ್ಟಡದಲ್ಲಿ ವಾಸವಿದ್ದ ಹಿರಿಯರು. ಇನ್ನೊಬ್ಬ ಹನ್ನೆರಡು ವರ್ಷದ ಹುಡುಗ.

ಆ ವರ್ಷದ ಸೆಪ್ಟೆಂಬರಿನಲ್ಲಿ ಬಿ.ಬಿ.ಎಂ.ಪಿ. ಹೋಗಿ, ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಐದು ಪಾಲಿಕೆಗಳು ಬಂದವು. ಗಡಿಗಳನ್ನು ಎಳೆದದ್ದು ಬಹುಮಟ್ಟಿಗೆ ವಿಧಾನಸಭಾ ಕ್ಷೇತ್ರಗಳನ್ನು ನೋಡಿ, ಕಣಿವೆಗಳನ್ನು ನೋಡಿ ಅಲ್ಲ. ಮಡಿವಾಳದ ಕೋಡಿ ನೀರು ಅಗರ ದಾಟಿ ಬೆಳ್ಳಂದೂರಿಗೆ ಮುಟ್ಟುವ ಹೊತ್ತಿಗೆ ದಕ್ಷಿಣ ಪಾಲಿಕೆಯಿಂದ ಪೂರ್ವ ಪಾಲಿಕೆಗೆ ಹೋಗಿರುತ್ತದೆ. ತೂಬು ಎತ್ತಲು ನೀರುಗಂಟಿ ಎಂಬೊಬ್ಬನಿದ್ದ ಕಾಲದಲ್ಲಿ ಅವನು ಮೇಲಿನ ಕೆರೆಯವನಿಗೂ ಕೆಳಗಿನ ಕೆರೆಯವನಿಗೂ ಸುದ್ದಿ ಮುಟ್ಟಿಸುತ್ತಿದ್ದ; ಆ ಕೆಲಸ ಈಗ ಯಾರದೆಂದು ಕೇಳಲು ಜಯನಗರದವರು ಒಂದು ಕಚೇರಿಗೆ, ಬೆಳ್ಳಂದೂರಿನವರು ಇನ್ನೊಂದು ಕಚೇರಿಗೆ ಹೋಗಬೇಕು.